ಕೀಲಿಕೈ ಇಲ್ಲದ ತಲಬಾಗಿಲು

ಸೊಂಟಕ್ಕೆ ಸಿಕ್ಕಿಸಿದ ಕೀಲಿಕೈ ಗೊಂಚಲೇ ಮನೆಯ ಯಜಮಾನಿಕೆಯ ಕುರುಹೆಂದು ನಮ್ಮ ಹಿರಿಯರು ಬಗೆದಿದ್ದರು. ಅತ್ತೆಯ ಕೈಯಿಂದ ಸೊಸೆಯ ಕೈಗೆ ಆ ಗೊಂಚಲು ಬಂದ ದಿನ ಸಂಸಾರದ ಭಾರವೂ ಬಂದಿತೆಂದೇ ಅರ್ಥ. ಈಗ ನಗರಗಳ ಎಷ್ಟೋ ಮನೆಗಳ ತಲಬಾಗಿಲಿಗೆ ಅಂಕಿಗಳಿಂದ ತೆರೆಯುವ ವಿದ್ಯುನ್ಮಾನ ಬೀಗ ಬಂದಿದೆ. ಬಾಗಿಲಿನ ಹೊರಮೈಯಲ್ಲಿ ದೂರವಾಣಿಯಲ್ಲಿರುವಂತಹ ಅಂಕಿಗಳ ಗುಂಡಿಗಳು, ಒಳಮೈಯಲ್ಲಿ ಸೆಲ್ಲುಗಳ ಪೆಟ್ಟಿಗೆ. ಗುಪ್ತಸಂಖ್ಯೆಯನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದ ಮಕ್ಕಳು ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯಲ್ಲಿರುವ ತಂದೆತಾಯಿಯರ ಮನೆಗೆ ಇದನ್ನು ಅಕ್ಕರೆಯಿಂದ ಹಾಕಿಸಿಕೊಡುವುದನ್ನು ನಾವು ಹಲವೆಡೆ ಕಂಡಿದ್ದೇವೆ.

ಅಕ್ಕರೆಯೇನೋ ಸರಿ. ಆದರೆ ಬೀಗ ಕೂರಿಸಿದವನು ಹೊರಟುಹೋಗುತ್ತಾನೆ. ಮಗನೂ ರಜೆ ಮುಗಿಸಿ ಊರು ಬಿಡುತ್ತಾನೆ. ಮನೆಯಲ್ಲುಳಿದ ಇಬ್ಬರು ವೃದ್ಧರಿಗೆ ತಿಳಿದಿರುವುದು ನಾಲ್ಕು ಅಂಕಿಗಳು ಮಾತ್ರ. ಅವನ್ನು ಬದಲಿಸುವ ಬಗೆಯೇನು, ಸೆಲ್ಲು ಮುಗಿದರೆ ಗತಿಯೇನು ಎಂಬುದು ಅವರಿಗೆ ತಿಳಿಯದು. ತಮ್ಮ ಹೊಸ್ತಿಲಿನ ಮುಂದೆ ತಾವೇ ನೆಂಟರಂತೆ ನಿಲ್ಲುವ ಸ್ಥಿತಿ ಇದು. ಬೀಗವನ್ನು ಆಳುವ ಸಂಖ್ಯೆ ಮತ್ತು ಅದನ್ನು ನಡೆಸುವ ಸೆಲ್ಲು, ಇವೆರಡೂ ಆ ಮನೆಯಲ್ಲಿ ವಾಸಿಸುವವರ ಕೈಯಲ್ಲಿಯೇ ಇರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಆ ಕಾರಣದಿಂದಲೇ ಇದರ ವಿಧಾನವನ್ನು ಇಲ್ಲಿ ಬಿಡಿಸಿ ಹೇಳಹೊರಟಿದ್ದೇವೆ.

ಸಂಕೇತದಿಂದ ತೆರೆಯುವ ಬೀಗ ಹೊಸದೇನೂ ಅಲ್ಲ. 1206ರಲ್ಲಿ ಅಲ್-ಜಝರಿ ಎಂಬ ಯಂತ್ರಶಿಲ್ಪಿ ರಚಿಸಿದ ಗ್ರಂಥದಲ್ಲಿಯೇ ಅಕ್ಷರಗಳ ಚಕ್ರಗಳನ್ನು ಹೊಂದಿಸಿ ತೆರೆಯುವ ಬೀಗದ ವಿವರಣೆಯುಂಟು. ನಾವಿಂದು ಬಳಸುವ ಚಪ್ಪಟೆ ಕೀಲಿಕೈಯ ಬೀಗವನ್ನು ಅಮೆರಿಕೆಯ ಲೈನಸ್ ಯೇಲ್ ಕಿರಿಯನು ರೂಪಿಸಿದ್ದು 1860ರ ದಶಕದಲ್ಲಿ. ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೇಜ್ ಬೀಗದ ಉದ್ಯಮವನ್ನು ಆರಂಭಿಸಿದ್ದು 1897ರಲ್ಲಿ.

ಗುಂಡಿಗಳನ್ನು ಒತ್ತಿದಾಗ ಬೀಗದೊಳಗಿನ ಚಿಕ್ಕ ವಿದ್ಯುನ್ಮಾನ ಫಲಕವು ಆ ಸಂಖ್ಯೆಯನ್ನು ತನ್ನ ಸ್ಮೃತಿಯಲ್ಲಿರುವ ಸಂಖ್ಯೆಗಳೊಡನೆ ಹೋಲಿಸಿ ನೋಡುತ್ತದೆ. ಹೊಂದಿಕೆಯಾದರೆ ಮುಂದಿನ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಕೆಲವು ಬೀಗಗಳಲ್ಲಿ ಪುಟ್ಟ ಮೋಟಾರೊಂದು ಬೀಗದ ನಾಲಗೆಯನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಇನ್ನು ಕೆಲವುಗಳಲ್ಲಿ ವಿದ್ಯುತ್ತು ಹಿಡಿಗೂ ನಾಲಗೆಗೂ ಸಂಬಂಧ ಕೂಡಿಸುವಷ್ಟನ್ನೇ ಮಾಡುತ್ತದೆ. ತಿರುಗಿಸುವ ಶ್ರಮ ನಮ್ಮ ಕೈಯದು. ಎರಡನೆಯ ಬಗೆಗೆ ಸೆಲ್ಲಿನ ಖರ್ಚು ಕಡಿಮೆ. ಮೊದಲನೆಯದಕ್ಕಾದರೋ ಮಳೆಗಾಲವೇ ದೊಡ್ಡ ಪರೀಕ್ಷೆ. ತೇವ ಹೀರಿ ಮರದ ಬಾಗಿಲು ಉಬ್ಬಿದಾಗ ನಾಲಗೆ ಚೌಕಟ್ಟಿನ ರಂಧ್ರಕ್ಕೆ ಉಜ್ಜುತ್ತದೆ, ಮೋಟಾರು ತಿಣುಕುತ್ತದೆ, ಸೆಲ್ಲು ಬೇಗನೆ ಸೋಲುತ್ತದೆ. ಬಾಗಿಲನ್ನು ಕೈಯಿಂದ ಒತ್ತಿ ಹಿಡಿದರಷ್ಟೇ ಬೀಗ ಬೀಳುತ್ತದೆಂದಾದರೆ ದೋಷ ಬೀಗದ್ದಲ್ಲ. ಬಡಗಿಯನ್ನು ಕರೆಸಿ ರಂಧ್ರವನ್ನು ತುಸು ಅಗಲಿಸುವುದೇ ಅದಕ್ಕೆ ಮದ್ದು.

ಇನ್ನು ಸಂಖ್ಯೆಯನ್ನು ಹೊಂದಿಸುವ ವಿಚಾರ. ಈ ಬೀಗಗಳಲ್ಲಿ ಸಂಖ್ಯೆಗಳು ಎರಡು ತರಹ. ದಿನನಿತ್ಯ ಬಾಗಿಲು ತೆರೆಯುವುದು ಬಳಕೆಯ ಸಂಖ್ಯೆ; ಆ ಸಂಖ್ಯೆಗಳನ್ನು ಸೇರಿಸುವ, ಅಳಿಸುವ ಅಧಿಕಾರವುಳ್ಳದ್ದು ಮಾಸ್ಟರ್ ಕೋಡ್ ಎಂಬ ಯಜಮಾನ ಸಂಖ್ಯೆ. ಕಾರ್ಖಾನೆಯಿಂದ ಬರುವಾಗ ಕೆಲವು ಬೀಗಗಳಲ್ಲಿ 1234ರಂತಹ ಜಗಜ್ಜಾಹೀರು ಸಂಖ್ಯೆ ಇರುತ್ತದೆ. ಕೆಲವದರಲ್ಲಿ ಆ ಬೀಗಕ್ಕೇ ಮೀಸಲಾದ ಸಂಖ್ಯೆಯನ್ನು ಚೀಟಿಯಲ್ಲಿ ಮುದ್ರಿಸಿ ಕೈಪಿಡಿಗೂ ಒಳಭಾಗದ ಹಿಂಬದಿಗೂ ಅಂಟಿಸಿರುತ್ತಾರೆ. ಬೀಗವನ್ನು ಕೂರಿಸಿದ ಮೇಲೆ ಹಿಂಬದಿಯ ಚೀಟಿಯನ್ನು ನೋಡಬೇಕಾದರೆ ತಿರುಪು ಬಿಚ್ಚಬೇಕಾದೀತು. ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಬೀಗ ಕೂರಿಸಿದವನ ಎದುರಿಗೆ ಪರೀಕ್ಷೆ ಮುಗಿದ ಬಳಿಕ, ಅವನು ಗೇಟು ದಾಟಿದೊಡನೆ, ಯಜಮಾನ ಸಂಖ್ಯೆಯನ್ನು ಬದಲಿಸತಕ್ಕದ್ದು. ಅವನ ಮೇಲೆ ಸಂಶಯವೆಂದಲ್ಲ. ಹೊಸ ಮನೆಗೆ ಬಂದವರು ಹಳೆಯ ಬೀಗವನ್ನು ಬದಲಿಸುವುದಿಲ್ಲವೆ, ಹಾಗೆ.

ಬದಲಿಸುವ ಕ್ರಮ ಒಂದೊಂದು ಕಂಪನಿಗೆ ಒಂದೊಂದಾದರೂ ಸಾರ ಒಂದೇ. ಮೊದಲು ಯಜಮಾನ ಸಂಖ್ಯೆಯನ್ನು ಒತ್ತಿ, ಅಥವಾ ಒಳಗಿನ ಸೆಲ್ಲುಪೆಟ್ಟಿಗೆಯ ಮುಚ್ಚಳದಡಿಯ ಪುಟ್ಟ ಗುಂಡಿಯನ್ನು ಒತ್ತಿ, ಬೀಗಕ್ಕೆ ತಾವು ಯಾರೆಂಬುದನ್ನು ತಿಳಿಸಬೇಕು. ಬಳಿಕ ಸೇರಿಸಬೇಕೋ ಅಳಿಸಬೇಕೋ ಎಂಬುದನ್ನು ಸೂಚಿಸುವ ಅಂಕಿ. ಆಮೇಲೆ ಹೊಸ ಸಂಖ್ಯೆ. ಅದರ ಹಿಂದೆ ನಕ್ಷತ್ರದ ಅಥವಾ ಹ್ಯಾಶ್ ಗುರುತಿನ ಗುಂಡಿ. ಹಲವು ಬೀಗಗಳು ಹೊಸ ಸಂಖ್ಯೆಯನ್ನು ಎರಡನೆಯ ಸಲವೂ ಕೇಳುತ್ತವೆ. ಹಸಿರು ದೀಪ ಬೆಳಗಿದರೆ ಸ್ವೀಕೃತವೆಂದೂ ಕೆಂಪು ದೀಪ ಮಿನುಗಿದರೆ ತಿರಸ್ಕೃತವೆಂದೂ ತಿಳಿಯಬೇಕು. ಹಿರಿಯರಿಗೆ ಇಲ್ಲಿ ಎದುರಾಗುವ ತೊಡಕೊಂದುಂಟು. ಒಂದು ಅಂಕಿಗೂ ಮತ್ತೊಂದಕ್ಕೂ ನಡುವೆ ಕೆಲವು ಕ್ಷಣ ತಡವಾದರೆ ಬೀಗವು ಅಷ್ಟಕ್ಕೇ ಕೈಬಿಟ್ಟು ಮೊದಲ ಸ್ಥಿತಿಗೆ ಮರಳುತ್ತದೆ. ಕನ್ನಡಕ ಹುಡುಕುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ! ಕ್ರಮವನ್ನೆಲ್ಲ ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದುಕೊಂಡು, ಒಬ್ಬರು ಓದುತ್ತಿರಲು ಇನ್ನೊಬ್ಬರು ಒತ್ತಿದರೆ ಸುಗಮ.

ಇದೆಲ್ಲವನ್ನೂ ಬಾಗಿಲು ತೆರೆದಿಟ್ಟೇ ಮಾಡಬೇಕು. ತೆರೆದ ಬಾಗಿಲಲ್ಲಿಯೇ ನಾಲಗೆಯನ್ನು ಹೊರಚಾಚಿಸಿ, ಹೊಸ ಸಂಖ್ಯೆಯನ್ನು ಒತ್ತಿ, ಅದು ಒಳಸರಿಯುವುದನ್ನು ಎರಡು ಮೂರು ಸಲ ಕಣ್ಣಾರೆ ಕಂಡ ಮೇಲಷ್ಟೇ ಬಾಗಿಲು ಮುಚ್ಚಬೇಕು.

ಮನೆಮಂದಿಗೆಲ್ಲ ಒಂದೇ ಸಂಖ್ಯೆ ಇಟ್ಟುಕೊಳ್ಳುವ ರೂಢಿಯನ್ನು ನಾವು ಒಪ್ಪಲಾರೆವು. ಹೆಚ್ಚಿನ ಬೀಗಗಳು ಹಲವು ಸಂಖ್ಯೆಗಳನ್ನು ನೆನಪಿಡಬಲ್ಲವು. ಮಗ-ಸೊಸೆಗೊಂದು, ಮನೆಗೆಲಸದಾಕೆಗೊಂದು, ಪಕ್ಕದೂರಿನ ಬಂಧುಗಳಿಗೊಂದು ಬೇರೆ ಬೇರೆ ಕೊಟ್ಟರೆ, ಕೆಲಸ ಬಿಟ್ಟವರ ಸಂಖ್ಯೆಯೊಂದನ್ನೇ ಅಳಿಸಿದರೆ ಸಾಕು. ಎಲ್ಲರಿಗೂ ಒಂದೇ ಆದಲ್ಲಿ ಒಬ್ಬರು ಹೋದಾಗ ಎಲ್ಲರದನ್ನೂ ಬದಲಿಸಬೇಕು; ಅದನ್ನು ಯಾರೂ ಮಾಡುವುದಿಲ್ಲ, ಸಂಖ್ಯೆ ಓಣಿಯ ಪಾಲಾಗುತ್ತದೆ.

ನಾಲ್ಕು ಅಂಕಿಗಳಲ್ಲಿ ಆಗಬಹುದಾದ ಸಂಖ್ಯೆಗಳು 10,000. ಆರು ಅಂಕಿಗಳಲ್ಲಿ 10 ಲಕ್ಷ. ಕೆಲವು ಬಾರಿ ತಪ್ಪು ಸಂಖ್ಯೆ ಒತ್ತಿದರೆ ಬೀಗವು ಸ್ವಲ್ಪ ಹೊತ್ತು ಮೌನ ತಾಳುವುದರಿಂದ ಕಳ್ಳನು ಒಂದೊಂದಾಗಿ ಪರೀಕ್ಷಿಸುತ್ತ ಕೂರುವಂತಿಲ್ಲ. (ಮೊಮ್ಮಕ್ಕಳು ಆಟವಾಡಿ ಬೀಗ ಹೀಗೆ ಮುನಿಸಿಕೊಂಡರೆ ಗಾಬರಿ ಬೇಡ, ಕಾದರೆ ತಾನೇ ಸರಿಹೋಗುತ್ತದೆ.) ಆದರೆ ವರ್ಷಾನುಗಟ್ಟಲೆ ಅವೇ ನಾಲ್ಕು ಗುಂಡಿಗಳನ್ನು ಒತ್ತಿ ಅವು ಸವೆದು ಹೊಳೆಯತೊಡಗಿದರೆ 10,000 ಎಂಬುದು ಕೇವಲ 24ಕ್ಕೆ ಇಳಿದುಬಿಡುತ್ತದೆ. ಆಗಾಗ ಸಂಖ್ಯೆ ಬದಲಿಸುವುದೂ ಗುಂಡಿಗಳನ್ನೆಲ್ಲ ಬಟ್ಟೆಯಿಂದ ಒರೆಸುವುದೂ ಇದಕ್ಕಾಗಿಯೇ. ಹುಟ್ಟಿದ ವರ್ಷ, ವಾಹನದ ಸಂಖ್ಯೆ, ಮೊಬೈಲಿನ ಕೊನೆಯ ನಾಲ್ಕು ಅಂಕಿಗಳು ಸರ್ವಥಾ ಕೂಡದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುವುದೂ ಕೂಡದು. ಎಂದೋ ಮಾರಿಹೋದ ಹೊಲದ ಸರ್ವೆ ನಂಬರು, ಹಳ್ಳಿಮನೆಯ ಹಳೆಯ ದೂರವಾಣಿ ಸಂಖ್ಯೆ ಇಂಥವು ಹಿರಿಯರ ನೆನಪಿನಿಂದ ಸುಲಭವಾಗಿ ಅಳಿಯವು, ಪರರಿಗೆ ಹೊಳೆಯವು.

ಸೆಲ್ಲಿನ ಮಾತಿಗೆ ಬರೋಣ. ಸಾಮಾನ್ಯವಾಗಿ ಈ ಬೀಗಗಳಿಗೆ ಬೇಕಾಗುವುದು ಒಂದೂವರೆ ವೋಲ್ಟಿನ ನಾಲ್ಕು ಚಿಕ್ಕ ಸೆಲ್ಲುಗಳು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಸಲ್ಲದು. ಆಲ್ಕಲೈನ್ ಎಂದು ಬರೆದಿರುವುದನ್ನೇ ಕೊಳ್ಳಬೇಕು. ಮತ್ತೆ ಮತ್ತೆ ಚಾರ್ಜು ಮಾಡುವ ಸೆಲ್ಲುಗಳನ್ನು ಹೆಚ್ಚಿನ ತಯಾರಕರು ಬೇಡವೆನ್ನುತ್ತಾರೆ. ಅವುಗಳ ಶಕ್ತಿ ಕೊನೆಯವರೆಗೂ ಸಮನಾಗಿದ್ದು ಒಮ್ಮೆಲೇ ಕುಸಿಯುವುದರಿಂದ, ಮುನ್ನೆಚ್ಚರಿಕೆಯ ದೀಪ ಬೆಳಗಲು ಅವಕಾಶವೇ ದೊರೆಯದಿರಬಹುದು. ಆಲ್ಕಲೈನ್ ಸೆಲ್ಲು ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಬೀಗವು ಕೀರಲು ದನಿಯಿಂದಲೋ ಕೆಂಪು ದೀಪದಿಂದಲೋ ತಿಳಿಸುತ್ತದೆ. ತಿಳಿಸಿದ ವಾರದಲ್ಲಿಯೇ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಹಳತು ಹೊಸತು ಬೆರೆಸಲಾಗದು. ಸೆಲ್ಲು ತೆಗೆದರೆ ಗುಪ್ತಸಂಖ್ಯೆಗಳು ಅಳಿಸಿಹೋದಾವೆಂದು ಅನೇಕರು ಅಂಜುತ್ತಾರೆ. ಸಂಖ್ಯೆಗಳಿರುವ ಸ್ಮೃತಿಗೆ ವಿದ್ಯುತ್ತಿನ ಆಸರೆ ಬೇಕಿಲ್ಲವಾದ್ದರಿಂದ ಅವು ಹಾಗೆಯೇ ಉಳಿಯುತ್ತವೆ. ಜಾತ್ರೆಗೋ ಸುಗ್ಗಿಗೋ ಮಾತ್ರ ತೆರೆಯುವ ಊರಿನ ಮನೆಗಾದರೋ ಹಳೆಯ ಬೀಗವೇ ವಾಸಿ. ತಿಂಗಳುಗಟ್ಟಲೆ ಬಿಟ್ಟ ಸೆಲ್ಲಿನಿಂದ ಕ್ಷಾರ ಸೋರಿ ಒಳಗಿನ ಲೋಹವನ್ನು ತಿನ್ನುತ್ತದೆ.

ತಾನಾಗಿ ಬೀಗ ಬೀಳುವ ಸೌಲಭ್ಯದ ಬಗೆಗೂ ಎಚ್ಚರ ಬೇಕು. ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಲು ಹೊರಬಂದ ಗೃಹಿಣಿಯ ಬೆನ್ನಹಿಂದೆ, ಗಾಳಿಗೆ ಮುಚ್ಚಿದ ಬಾಗಿಲು ಅರ್ಧ ನಿಮಿಷದಲ್ಲಿ ಬೀಗ ಹಾಕಿಕೊಳ್ಳುತ್ತದೆ. ಒಲೆಯ ಮೇಲೆ ಹಾಲಿರುತ್ತದೆ. ಸಂಖ್ಯೆ ನೆನಪಿದ್ದರೆ ಚಿಂತೆಯಿಲ್ಲ. ಮರೆವಿನ ತೊಂದರೆಯುಳ್ಳವರ ಮನೆಯಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿಡುವುದೇ ಮೇಲು. ಒಳಗಿನಿಂದ ಮಾತ್ರ ಯಾವ ಸಂಖ್ಯೆಯ ಹಂಗೂ ಇಲ್ಲದೆ, ಕತ್ತಲಲ್ಲಿಯೂ, ಹಿಡಿ ತಿರುಗಿಸಿದೊಡನೆ ತೆರೆಯುವಂತಿರಬೇಕು. ಬೆಂಕಿ ಹೊಗೆಯ ವೇಳೆ ಜೀವ ಉಳಿಸುವುದು ಅದೇ. ಬೆರಳು ಒಣಗಿದ ವೃದ್ಧರಿಗೆ ಗಾಜಿನ ಸ್ಪರ್ಶಫಲಕ ಸ್ಪಂದಿಸದಿರಬಹುದಾದ್ದರಿಂದ ಒತ್ತುವ ಗುಂಡಿಯ ಬೀಗವನ್ನೇ ಆರಿಸಬೇಕು.

ಹೆಚ್ಚಿನ ಬೀಗಗಳೊಡನೆ ಆಪತ್ಕಾಲಕ್ಕೆಂದು ಸಾಮಾನ್ಯ ಕೀಲಿಕೈಯೊಂದು ಬರುತ್ತದೆ. ಅದನ್ನು ಮನೆಯೊಳಗಿನ ಬೀರುವಿನಲ್ಲಿ ಭದ್ರವಾಗಿಟ್ಟವರನ್ನು ನಾವು ಬಲ್ಲೆವು. ಬಾಗಿಲು ತೆರೆಯದ ದಿನ ಬೀರುವೂ ಬಾಗಿಲ ಆಚೆಯೇ ಇರುತ್ತದಲ್ಲ! ಅದಿರಬೇಕಾದದ್ದು ನಂಬಿಕಸ್ಥ ನೆರೆಯವರಲ್ಲಿ ಅಥವಾ ಅದೇ ಊರಿನ ಬಂಧುಗಳಲ್ಲಿ. ಕೀಲಿಕೈಯ ರಂಧ್ರವಿಲ್ಲದ ಬೀಗಗಳಲ್ಲಿ ಹೊರಫಲಕದ ಕೆಳಗೆ ಎರಡು ಲೋಹದ ಬಿಂದುಗಳಿರುತ್ತವೆ. ಅವಕ್ಕೆ 9 ವೋಲ್ಟಿನ ಚೌಕದ ಸೆಲ್ಲನ್ನು ತಾಗಿಸಿ ಹಿಡಿದು, ಬಿಡದೆ ಸಂಖ್ಯೆಯನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ಸ್ಪಂದಿಸದಿದ್ದರೆ ಸೆಲ್ಲನ್ನು ತಿರುವಿ ಹಿಡಿಯಬೇಕು. ಕೆಲವು ಹೊಸ ಬೀಗಗಳಲ್ಲಿ ಇದರ ಬದಲು ಪವರ್ ಬ್ಯಾಂಕಿನ ತಂತಿ ಚುಚ್ಚುವ ಕಿಂಡಿಯುಂಟು. ಆ ಚೌಕದ ಸೆಲ್ಲೊಂದು ವಾಹನದ ಡಿಕ್ಕಿಯಲ್ಲೋ ಕೀಲಿಕೈ ಇಟ್ಟುಕೊಂಡವರಲ್ಲಿಯೋ ಇರಲಿ; ಅದರ ಮೈಮೇಲೆ ಮುದ್ರಿಸಿರುವ ಅವಧಿಯನ್ನೂ ವರ್ಷಕ್ಕೊಮ್ಮೆ ನೋಡಿಕೊಳ್ಳತಕ್ಕದ್ದು.