ಬೀಗದ ಚಿಹ್ನೆ ಇದ್ದರೆ ಸಾಕೇ?

ಪ್ರಶ್ನೆ: ಪುಣೆಯ ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯದೆಂದು ಹೇಳಿಕೊಳ್ಳುವ ಜಾಲತಾಣದಲ್ಲಿ ಬೀಗದ ಚಿಹ್ನೆ ಇದೆ. ಅಲ್ಲಿ ಖರೀದಿಸಬಹುದೇ?

ಉತ್ತರ: ಬೀಗದ ಚಿಹ್ನೆಯು ಗ್ರಾಹಕರ ಮೊಬೈಲಿನಿಂದ ಹೋಗುವ ಮಾಹಿತಿಯು ಗೂಢಲಿಪಿಗೆ, ಅಂದರೆ ನಡುವೆ ಯಾರೂ ಓದಲಾಗದ ರೂಪಕ್ಕೆ, ಬದಲಾಗಿದೆ ಎಂಬುದನ್ನಷ್ಟೇ ಸೂಚಿಸುತ್ತದೆ; ಅದಕ್ಕೆ ಬೇಕಾದ ಪ್ರಮಾಣಪತ್ರವು ಉಚಿತವಾಗಿಯೂ ದೊರೆಯುವುದರಿಂದ ವಂಚಕರಿಗೂ ಅದು ಸುಲಭಸಾಧ್ಯ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ ಹಾಗೂ ದೂರುಗಳನ್ನು ಆಲಿಸುವ ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸುವಂತೆ ವಿಧಿಸಿರುವುದರಿಂದ, ಇವು ಕಾಣದ ತಾಣದಲ್ಲಿ ಹಣ ಪಾವತಿಸದಿರುವುದೇ ಸರಿ. ಕಂಡರೂ ಅವು ನಕಲು ಮಾಡಿದವಾಗಿರಬಹುದಾದ ಕಾರಣ, ಅಂಗಡಿಗೇ ಹೋಗಿ ಆ ಜಾಲತಾಣ ಅವರದೇ ಎಂದು ವಿಚಾರಿಸುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ. ಪುಣೆಯವರಿಗೆ ಮಾತ್ರ ಇರುವ ಈ ಅನುಕೂಲವನ್ನು ಅವರು ಬಿಟ್ಟುಕೊಡಬಾರದು. ಹಣ ಈಗಾಗಲೇ ವಂಚಕರ ಪಾಲಾಗಿದ್ದರೆ, ಅದು ಬೇರೆ ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವಂತೆ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು.