ಜಿಪುಣ, ಲೋಭಿ, ಅಳುಪಿದವನು

ನಮ್ಮ ಯಲಹಂಕ, ಹೆಬ್ಬಾಳದ ಕಡೆ ಕೈ ಬಿಗಿ ಹಿಡಿಯುವವನಿಗೆ ಹೆಸರುಗಳ ಬರವಿಲ್ಲ. ಪುಸ್ತಕದಲ್ಲಿ ಕೃಪಣ, ಮನೆಯಲ್ಲಿ ಜಿಪುಣ, ಗೆಳೆಯರ ನಡುವೆ ಜುಗ್ಗ, ಆರ್.ಟಿ. ನಗರದ ಅಂಗಡಿ ಸಾಲಿನಲ್ಲಿ ಕಂಜೂಸ್. ಅದೂ ಸಾಲದಿದ್ದರೆ ‘ಎಂಜಲು ಕೈಯಲ್ಲಿ ಕಾಗೆ ಓಡಿಸದವನು’ ಅಂತ ಮುಗಿಸಿಬಿಡ್ತಾರೆ.

ಇವೆಲ್ಲ ಒಂದೇ ಅರ್ಥದ ಪದಗಳಲ್ಲ. ಸಂಸ್ಕೃತದ ‘ಕೃಪಣ’ ಮೊದಲಿಗೆ ದೀನ, ಕನಿಕರ ಪಡಬೇಕಾದವನು. ಗೀತೆಯ 2ನೇ ಅಧ್ಯಾಯದಲ್ಲಿ ಫಲಕ್ಕೆ ಹಾತೊರೆಯುವವರನ್ನು ಕೃಪಣರು ಎಂದಿರುವುದು ಈ ಅರ್ಥದಲ್ಲೇ. ಇಂಗ್ಲಿಷಿನ ‘ಮೈಸರ್’ ಕೂಡ ಲ್ಯಾಟಿನ್‌ನಲ್ಲಿ ದೀನನೇ. ‘ಲೋಭಿ’ಯ ಬೇರು ಬೇರೆ: ಅದು ಆಸೆ. ಜಿಪುಣ ತನ್ನದನ್ನು ಬಿಡಲ್ಲ. ಲೋಭಕ್ಕೆ ಪರರದ್ದೂ ಬೇಕು.

ಶಾಸನಗಳು ಹಿಡಿಯುವುದು ಈ ಎರಡನೆಯವನನ್ನು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು. ಅದನ್ನು ತಿರುವಿದರೆ ಭೂಮಿ, ಕೆರೆ, ದೇವಸ್ಥಾನಕ್ಕೆ ಕೊಟ್ಟವರೇ ಸಾಲು ಸಾಲಾಗಿ ಸಿಗುತ್ತಾರೆ. ಕೊಡದವನಿಗೆ ಯಾರು ಕಲ್ಲು ನೆಡಿಸ್ತಾರೆ?

ಆದರೆ ದಾನಶಾಸನಗಳ ಕೊನೆಯ ಶಾಪಾಶಯದಲ್ಲಿ ಒಬ್ಬ ಬರುತ್ತಾನೆ: ‘ಅಳುಪಿದವನು’. ‘ಅಳುಪು’ ಅಂದರೆ ಆಸೆಪಡು. ಶಾಸನದಲ್ಲಿ, ಕೊಟ್ಟ ಧರ್ಮದ ಮೇಲೆ ಕಣ್ಣು ಹಾಕಿ ಅದನ್ನು ಕೆಡಿಸು. ಪಕ್ಕದಲ್ಲೇ ಬರುವ ‘ಅಳಿದವನು’ ಜತೆ ಇದನ್ನು ಬೆರೆಸಬೇಡಿ, ಅವನು ನಾಶ ಮಾಡಿದವನು. ಇಂಥವರಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಿನ ಜನ್ಮ.

ಇಲ್ಲೊಂದು ಸೂಕ್ಷ್ಮವಿದೆ. ಕೊಡದೆ ಕೂತವನಿಗೆ ಶಾಪವಿಲ್ಲ. ಯಾರೋ ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಮಾತ್ರ ಶಾಪ. ದಾನಕ್ಕಿಂತ ಪಾಲನೆ ದೊಡ್ಡದು ಎಂಬ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹೀಗಾಗಿ ನನಗೆ ಇದು ಬರೀ ಪದದ ವಿಚಾರ ಅನ್ನಿಸಲ್ಲ. ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ, ಚರಂಡಿಗೆ ಅಗೆಯುವಾಗ. ಅದು ಉಳಿಯಿತು. ಸೈಟು, ರಸ್ತೆ ಕೆಲಸದ ನಡುವೆ ಒಡೆದುಹೋಗುವ ಕಲ್ಲಿನ ಜತೆ ಅದರ ದಾನ, ದಾನಿ, ಊರಿನ ಹಳೇ ಹೆಸರು ಎಲ್ಲವೂ ಹೋಗುತ್ತವೆ. ನಿಮ್ಮ ಬೀದಿಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅಲುಗಿಸದೆ ಫೋಟೋ ತೆಗೆದು, ಜಾಗ ಗುರುತಿಟ್ಟು, ಪುರಾತತ್ತ್ವ ಇಲಾಖೆಗೆ ತಿಳಿಸಿ. ಶಾಸನ ಹೇಳುವ ಪಾಲನೆಯಲ್ಲಿ ನಮ್ಮ ಪಾಲಿಗೆ ಬರುವುದು ಇಷ್ಟು.