ಹೋಟೆಲು ನಷ್ಟದಲ್ಲಿದೆಯಾ? ಬಳೆ ಅಡವಿಡುವ ಮೊದಲು ಇದನ್ನೋದಿ

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕೂತರೆ ನೋಡಲು ಈಗ ಧಾರಾವಾಹಿ ಮಾತ್ರ ಅಲ್ಲ, ಮುಳುಗುತ್ತಿರುವ ಹೋಟೆಲನ್ನು ಎತ್ತಿ ನಿಲ್ಲಿಸುವ ರಿಯಾಲಿಟಿ ಶೋಗಳೂ ಇವೆ. ಯೂಟ್ಯೂಬಲ್ಲಂತೂ ರಾಶಿ ರಾಶಿ. ಬ್ರಿಟನ್ನಿನ ಬಾಣಸಿಗ ಗಾರ್ಡನ್ ರಾಮ್ಸೆಯ ‘ಕಿಚನ್ ನೈಟ್‌ಮೇರ್ಸ್’ ನಿಮ್ಮಲ್ಲಿ ಹಲವರು ನೋಡಿರಬಹುದು. 2004ರಲ್ಲಿ ಅಲ್ಲಿನ ಚಾನೆಲ್ 4ರಲ್ಲಿ ಶುರುವಾದದ್ದು 2007ರಲ್ಲಿ ಅಮೆರಿಕಕ್ಕೂ ಹೋಯಿತು. ಆತ ಬರ್ತಾನೆ, ತಿಂತಾನೆ, ಬೈತಾನೆ, ಫ್ರಿಜ್ಜಿನಿಂದ ಹಾಳಾದ ಮಾಂಸ ಎತ್ತಿ ತೋರಿಸ್ತಾನೆ, ಮಾಲೀಕರು ಅಳ್ತಾರೆ. ಕೊನೆಗೆ ಹೊಸ ಬಣ್ಣ, ಹೊಸ ಮೆನು, ತುಂಬಿದ ಕುರ್ಚಿಗಳು. 2011ರಲ್ಲಿ ಬಂದ ‘ರೆಸ್ಟೋರೆಂಟ್ ಇಂಪಾಸಿಬಲ್’ನಲ್ಲಿ ಇಷ್ಟೆಲ್ಲ ಆಗುವುದು ಎರಡೇ ದಿನದಲ್ಲಿ, ಹತ್ತು ಸಾವಿರ ಡಾಲರಿನಲ್ಲಿ!

ನೋಡೋಕೆ ಚೆನ್ನ. ಆದರೆ ರಾಮ್ಸೆ ಅಮೆರಿಕದಲ್ಲಿ ‘ಉಳಿಸಿದ’ ಹೋಟೆಲುಗಳಲ್ಲಿ ಹೆಚ್ಚಿನವು ಆಮೇಲೆ ಮುಚ್ಚಿಹೋಗಿವೆ ಅನ್ನುವುದು ಗೊತ್ತಾ? ಗೋಡೆಗೆ ಬಣ್ಣ ಬಳಿದರೆ ಹಳೇ ಸಾಲ ತೀರುವುದಿಲ್ಲವಲ್ಲ.

ಇದನ್ನು ಯಾಕೆ ಹೇಳ್ತಿದ್ದೇನೆಂದರೆ, ನಮ್ಮ ಪುಂಜಾಲಕಟ್ಟೆ ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯ ಪೇಟೆ. ಇಂಥ ಪೇಟೆಗಳಲ್ಲಿ ಬನ್ಸು, ಗೋಳಿಬಜೆ, ಚಾ ಮಾರುವ ಸಣ್ಣ ಹೋಟೆಲೆಂದರೆ ಗಂಡ ಗಲ್ಲದಲ್ಲಿ, ಹೆಂಡತಿ ಒಲೆ ಮುಂದೆ. ವ್ಯಾಪಾರ ಇಳಿಯಿತೋ, ಮೊದಲು ಸೊಸೈಟಿಗೆ ಹೊರಡುವುದು ಹೆಂಡತಿಯ ಬಳೆ. ಮಂಗಳೂರು, ಬೆಂಗಳೂರಲ್ಲಿ ಮೆಸ್, ಕೇಟರಿಂಗ್ ಇಟ್ಟುಕೊಂಡ ಮನೆಗಳಲ್ಲೂ ಇದೇ ಕತೆ. ಮೊನ್ನೆ ನೆಂಟರ ಪೈಕಿಯವಳೊಬ್ಬಳು, “ಅಕ್ಕಾ, ಟೈಲ್ಸ್ ಹಾಕಿ ಎಸಿ ಕೂರಿಸಿದ್ರೆ ಜನ ಬರ್ತಾರೆ ಅಂತಾರೆ ಇವರು. ಕರಿಮಣಿ ಒಂದು ಬಿಟ್ಟು ಎಲ್ಲ ಕೊಟ್ಟಾಯ್ತು” ಅಂದಳು. “ಒಂದು ಪ್ಲೇಟು ನೀರುದೋಸೆಗೆ ನಿಮಗೆ ಎಷ್ಟು ಬೀಳ್ತದೆ ಮಾರಾಯ್ತಿ?” ಅಂತ ಕೇಳಿದೆ. ಇಬ್ಬರಿಗೂ ಗೊತ್ತಿಲ್ಲ!

ಆ ಶೋಗಳಲ್ಲಿ ಬೈಗುಳ ಬಿಟ್ಟು ಕಲಿಯುವಂಥದ್ದು ಇದೇ. ರಾಮ್ಸೆ ಬಹಳ ಸಲ ಕತ್ತರಿ ಹಾಕುವುದು ಮೆನುವಿಗೆ. ಬೋರ್ಡಲ್ಲಿ ಐವತ್ತು ತಿಂಡಿ ಬರೆದರೆ ಐವತ್ತಕ್ಕೂ ಸಾಮಾನು ತರಬೇಕು. ಹೋಗದೇ ಉಳಿದದ್ದು ಹಳಸುತ್ತದೆ. ಪ್ಲೇಟು ದೋಸೆಗೆ 40 ರೂಪಾಯಿ ಅಂದುಕೊಳ್ಳಿ. ಅಕ್ಕಿ, ತೆಂಗಿನಕಾಯಿ, ಎಣ್ಣೆಗೇ 20 ಹೋದರೆ ಗ್ಯಾಸು, ಬಾಡಿಗೆ, ಕರೆಂಟು, ಸಂಬಳ, ಬಡ್ಡಿ ಎಲ್ಲ ಉಳಿದ 20ರಲ್ಲೇ ಆಗಬೇಕು. ಸಾಮಾನಿನ ಖರ್ಚು ಬೆಲೆಯ ಮೂರನೇ ಒಂದರ ಆಸುಪಾಸಿನಲ್ಲಿರಲಿ ಅನ್ನುವುದು ಹೋಟೆಲಿನವರ ಮಾಮೂಲಿ ಲೆಕ್ಕ. ಇಲ್ಲಿ ಸೋರಿದರೆ ಎಸಿ ಹಾಕಿಸಿದಷ್ಟೂ ನಷ್ಟ ಜಾಸ್ತಿ.

ಕ್ಯಾಮೆರಾ ಇಲ್ಲದೆ ಎದ್ದು ನಿಂತ ಹೋಟೆಲು ಬೇಕೆಂದರೆ ನಮ್ಮ ಕರಾವಳಿಯವರದೇ ಇದೆ: ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಲ್ಲಿ ಆರಂಭಿಸಿದ ಎಂ.ಟಿ.ಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದರು. 1975ರಲ್ಲಿ ಬಂದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಬೆಲೆ ಇಳಿಸಿ ಅಂದಿತು. ಅವರು ರುಚಿ ಕೆಡಿಸಲಿಲ್ಲ. ದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ಹೊರಗಿಟ್ಟರು, ಕೊನೆಗೆ ಬಾಗಿಲು ಹಾಕಿದರು. ಆದರೆ ಕೆಲಸದವರನ್ನು ಕೈಬಿಡದೆ ಮಸಾಲೆಪುಡಿ, ಮಿಕ್ಸ್‌ಗಳ ಪ್ಯಾಕೆಟ್ ಮಾಡಿ ಮಾರಿದರು. ಮುಂದೆ ಹೋಟೆಲೂ ತೆರೆಯಿತು. ಆ ಪ್ಯಾಕೆಟ್ಟು ನಿಮ್ಮ ಅಡುಗೆಮನೆಯ ಡಬ್ಬಿ ಪಕ್ಕದಲ್ಲೇ ಇದ್ದೀತು! ನಷ್ಟ ಎಷ್ಟು ಅಂತ ದಿನಾ ಬರೆದಿಟ್ಟದ್ದು ನೋಡಿ, ನನಗೆ ಅದೇ ದೊಡ್ಡದು ಅನಿಸುತ್ತದೆ.

ಹಾಗಾಗಿ ಮೊದಲು ಒಂದು ತಿಂಗಳು ನೀವೇ ನೋಟ್‌ಪುಸ್ತಕ ಇಡಿ. ತಂದದ್ದು, ಮಾರಿದ್ದು, ರಾತ್ರಿ ಬಕೆಟಿಗೆ ಬಿದ್ದದ್ದು, ಮೂರೂ ಬರೆಯಿರಿ. ಯಜಮಾನರು ಗೊಣಗಿದರೆ ಗೊಣಗಲಿ. ಬಾಡಿಗೆ ಕರಾರು ಇನ್ನೆಷ್ಟು ವರ್ಷ ಇದೆ ಅಂತಲೂ ನೋಡಿ. ಬಿಟ್ಟುಕೊಡಬೇಕಾದ ಕಟ್ಟಡಕ್ಕೆ ಟೈಲ್ಸ್ ಯಾಕೆ? ಅಷ್ಟಾದ ಮೇಲೂ ಬಳೆ ಕೊಡುವುದೇ ಆದರೆ ಅಡವು ನಿಮ್ಮ ಹೆಸರಲ್ಲೇ ಆಗಲಿ, ಚೀಟಿ ನಿಮ್ಮ ಕಪಾಟಿನಲ್ಲೇ ಇರಲಿ.